ಉಪ್ಪಿನ ಡಬ್ಬಿಯ ಆನೆ

ಊಟದ ಮೇಜನ್ನು ಬಿಟ್ಟುಕೊಡುವುದಿಲ್ಲ ಎಂದು ಅಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದೆ. ಒಂದು ಪೆಟ್ಟಿಗೆ, ಅದೂ ಗೋಡೆಯ ಪ್ಲಗ್ ತಪ್ಪಿದರೆ ಉಸಿರು ನಿಲ್ಲಿಸುವ ಪೆಟ್ಟಿಗೆ, ನನ್ನನ್ನು ಸೋಲಿಸುವುದೇ! ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ಎರಡು ತಲೆಮಾರಿನ ಬಾಯಿ ಮುಚ್ಚಿಸಿದವಳು ನಾನು. ಚೆಸ್ ಕ್ಲಬ್ಬಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ನನ್ನೆದುರು ಕೂತು, ಅರ್ಧ ಆಟಕ್ಕೇ ತಲೆನೋವೆಂದು ಎದ್ದು ಹೋಗಿದ್ದಾರೆ. ಸೋತೆ ಎಂದು ಒಪ್ಪಿಕೊಂಡವರು ಒಬ್ಬರೂ ಇಲ್ಲ. ಎಲ್ಲರಿಗೂ ತಲೆನೋವೇ!

ಮೇಜಿನ ವ್ಯಾಜ್ಯ ಹಳೆಯದು. ನಾನು ನಿವೃತ್ತಳಾದಂದಿನಿಂದ ಚದುರಂಗದ ಹಲಗೆ ಅದರ ಮೇಲೆ ಬೀಡುಬಿಟ್ಟಿದೆ. ಅರ್ಧಕ್ಕೆ ನಿಂತ ಆಟವನ್ನು ಎತ್ತಿಡಲಾಗುತ್ತದೆಯೇ? ಹಾಗಾಗಿ ಮನೆಮಂದಿ ಸೋಫಾದಲ್ಲಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಾರೆ. ನಮ್ಮವರ ಅಂಗಿ ನೋಡಿದರೆ ಸಾಕು, ವಾರವಿಡೀ ಏನೇನು ಅಡುಗೆಯಾಗಿತ್ತೆಂದು ತಿಳಿಯುತ್ತದೆ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಎರಡು ಬೀದಿ ಆಚೆ ಅವಳ ಮನೆ. ಆಟದ ಹಿಂದಿನ ಸಂಜೆ, ಚೆಸ್ ಆಡುವ ಪ್ರೋಗ್ರಾಮ್ ಇರುವ ತನ್ನ ಹಳೆಯ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬಂದಳು.

"ಅಮ್ಮಾ, ಒಂದೇ ಒಂದು ಆಟ. ಇದು ಗೆದ್ದರೆ ಮೇಜು ಊಟಕ್ಕೆ. ನೀನು ಗೆದ್ದರೆ ನಾವಿನ್ನು ಮೇಜಿನ ಸುದ್ದಿ ಎತ್ತಲ್ಲ."

"ಪಾಪ, ಇದಕ್ಕೆ ತಲೆನೋವು ಅಂತ ಹೇಳೋಕೂ ಬರಲ್ವಲ್ಲೇ," ಎಂದೆ.

ಸೋಫಾದಿಂದ ನಮ್ಮವರ ಸಣ್ಣ ದನಿ ಬಂತು: "ಯಾರಾದ್ರೂ ಗೆಲ್ಲಿ. ನಂಗೆ ತಟ್ಟೆ ಇಡೋಕೆ ಒಂದು ಜಾಗ ಸಿಕ್ಕಿದ್ರೆ ಸಾಕು."

ಗಾಜಿನ ಪರದೆಯ ಮೇಲೆ ಬೆರಳಾಡಿಸಿ ಆಡುವವಳು ನಾನಲ್ಲ. ನನಗೆ ಮರದ ಹಲಗೆಯೇ ಬೇಕು. ಪೆಟ್ಟಿಗೆಯ ಬ್ಯಾಟರಿ ಸತ್ತಿದೆ, ಅದಕ್ಕೆ ಪ್ಲಗ್ ಬೇಕು, ಪ್ಲಗ್ ಇರುವುದು ಮಲಗುವ ಕೋಣೆಯಲ್ಲಿ. ಆದ್ದರಿಂದ ಪೆಟ್ಟಿಗೆ ಅಲ್ಲಿ, ನಾನು ಇಲ್ಲಿ, ನಡುವೆ ದೂತರಾಗಿ ನಮ್ಮವರು. ನನ್ನ ನಡೆಯನ್ನು ಒಯ್ದು ಅದರಲ್ಲಿ ಒತ್ತಬೇಕು, ಅದರ ನಡೆಯನ್ನು ತಂದು ನನಗೆ ಹೇಳಬೇಕು. ಕಾಯಿಗಳೆಲ್ಲವನ್ನೂ ನಡೆಸುವವಳು ನಾನೇ.

ದೂತರ ಪರಿಚಯ ಅಗತ್ಯ. ಅವರು ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಕೂತು ಸವೆದವರು. 'ಆಗಲ್ಲ' ಎಂಬ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. "ಏನೋ ಒಂದು ಮಾಡೋಣ ಬಿಡಿ" ಎನ್ನುವರು. ಜನ ನೀರಿಲ್ಲದಿದ್ದರೂ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಈ ಸದ್ಗುಣವನ್ನು ಓದುಗರು ನೆನಪಿಡಬೇಕು. ನನ್ನ ಮಾನ ಹೋದದ್ದು ಇದರಿಂದಲೇ.

ಇನ್ನೊಂದು ವಿಷಯ. ನನ್ನ ಬಿಳಿ ಆನೆಗಳಲ್ಲಿ ಒಂದು ಯಾವುದೋ ಮನೆ ಬದಲಿಸುವಾಗ ಕಳೆದುಹೋಯಿತು. ಅದರ ಜಾಗದಲ್ಲಿ ನಿಲ್ಲುವುದು ಉಪ್ಪು ಉದುರಿಸುವ ಪಿಂಗಾಣಿ ಡಬ್ಬಿ. ಆನೆ ಎಂದರೆ ಆನೆ! ಮನೆಯಲ್ಲಿ ಯಾರೂ ಪ್ರಶ್ನಿಸಿದ್ದಿಲ್ಲ.

"ಹಲಗೆ ಹತ್ರ ಕೈ ತರಬೇಡಿ," ಎಂದು ನಮ್ಮವರನ್ನು ಎಚ್ಚರಿಸಿದೆ. "ಮುಟ್ಟಿದ ಕಾಯಿ ನಡೆಸಲೇಬೇಕು. ಅದು ನಿಯಮ."

"ಮುಟ್ಟೋದಿರಲಿ, ಆ ಕಡೆ ನೋಡೋದೂ ಇಲ್ಲ ಮೇಡಂ."

ಮರುದಿನ ಬೆಳಿಗ್ಗೆ ಮಗಳು ಪೆಟ್ಟಿಗೆಯನ್ನು ಅಣಿಮಾಡಿಕೊಟ್ಟು, ಸಂಜೆ ಬಂದು ಫಲಿತಾಂಶ ನೋಡುತ್ತೇನೆಂದು ಹೇಳಿ ಕೆಲಸಕ್ಕೆ ಹೋದಳು. ಮಹಾಯುದ್ಧ ಆರಂಭವಾಯಿತು! ವಯಸ್ಸಾದ ಮೇಲೆ ಯಾವ ಯುದ್ಧವಾದರೂ ಮೊದಲು ಬೆನ್ನಿನ ಜೊತೆ, ಎದುರಾಳಿ ಆಮೇಲೆ. ನಮ್ಮವರು ಚಪ್ಪಲಿ ಎಳೆಯುತ್ತ ಹೋದ ಪುಟ್ಟ ಬಂದ ಪುಟ್ಟ ಎಂದು ಓಡಾಡಿದರು. ಪೆಟ್ಟಿಗೆ ಚೆನ್ನಾಗಿಯೇ ಆಡಿತು, ಸುಳ್ಳು ಹೇಳುವುದಿಲ್ಲ. ತಣ್ಣನೆಯ ಚಾಕುವಿನಂಥ ಆಟ. ನಾನೂ ಕೂದಲೆಳೆಯಷ್ಟು ಜಾಗ ಬಿಡಲಿಲ್ಲ.

ಮಧ್ಯಾಹ್ನ ನಮ್ಮವರು ಬೇಯಿಸಿದ ಮೊಟ್ಟೆ ತಂದುಕೊಟ್ಟರು. ಹಲಗೆಯಿಂದ ಕಣ್ಣು ಕೀಳದೆ ತಿಂದೆ. ಸಪ್ಪೆ. ಕೈ ಚಾಚಿದೆ, ಉಪ್ಪು ಉದುರಿಸಿಕೊಂಡೆ, ಇಟ್ಟೆ. ಈ ವಾಕ್ಯವನ್ನು ಓದುಗರು ದಯವಿಟ್ಟು ಇನ್ನೊಮ್ಮೆ ಓದಬೇಕು. ಅಂದು ನಾನು ಓದಿಕೊಳ್ಳಲಿಲ್ಲ.

ಕೈ ಒರೆಸಿಕೊಂಡು ನೋಡುತ್ತೇನೆ, ಆನೆಗೆ ರಾಜಮಾರ್ಗ ತೆರೆದಿದೆ!

"ಆನೆ, ಇ ಏಳು!" ಎಂದು ಗರ್ಜಿಸಿದೆ. ಇ ಸಾಲಿನಲ್ಲಿ ನೇರ ಏಳನೆಯ ಮನೆಗೆ ಎಂದರ್ಥ.

ನಮ್ಮವರು ಹೋದರು. ಎಷ್ಟು ಹೊತ್ತಾದರೂ ಪತ್ತೆಯಿಲ್ಲ. ಕೊನೆಗೆ ಬಂದರು, ಹಣೆಯೆಲ್ಲ ಬೆವರು.

"ಏನಂತೆ?"

"ಏನಿಲ್ಲ. ಸ್ವಲ್ಪ ಯೋಚನೆ ಮಾಡ್ತಿದೆ."

"ನೀವ್ಯಾಕ್ರೀ ಬೆವರ್ತಿದೀರ?"

"ಅದೂ ಬೆವರ್ತಿದೆ."

ನನಗೆ ಪರಮಾನಂದ! ಅಲ್ಲಿಂದಾಚೆ ಪೆಟ್ಟಿಗೆಯ ಆಟದ ಧಾಟಿಯೇ ಬದಲಾಯಿತು. ನಮ್ಮವರೂ ಬದಲಾದರು. ಪ್ರತಿಸಲ ಒಳಗೆ ಹೋಗುವ ಮುಂಚೆ ನಿಂತು ಹಲಗೆಯನ್ನೇ ದಿಟ್ಟಿಸುವರು. ಪಾಪ, ಈ ವಯಸ್ಸಿಗಾದರೂ ಆಟದ ರುಚಿ ಹತ್ತಿತಲ್ಲ ಎಂದುಕೊಂಡೆ.

ಆಗ ಪೆಟ್ಟಿಗೆ ತನ್ನ ಮಂತ್ರಿಯನ್ನು ತಂದು ನನ್ನ ಕಾಲಾಳಿನ ಬಾಯಿಗಿಟ್ಟಿತು. ಬಿಟ್ಟಿ! ಹಸುಗೂಸಾದರೂ ಹೊಡೆದುಹಾಕುತ್ತಿತ್ತು. ಆದರೆ ನಾನು ಹಸುಗೂಸೇ? ಕೆನ್ನೆಗೆ ಕೈಕೊಟ್ಟು ಯೋಚಿಸಿದೆ. ಇದರ ಹಿಂದೆ ಎಂಥ ಪಾತಾಳದ ಸಂಚಿರಬೇಕು! ಮುಟ್ಟಲಿಲ್ಲ. ಮಂತ್ರಿ ಇನ್ನೊಂದು ಕಡೆಯಿಂದ ಬಂದು ಕೊರಳೊಡ್ಡಿತು. ಮುಟ್ಟಲಿಲ್ಲ. ಮೂರನೆಯ ಸಲವೂ ಬಂತು.

"ತಗೋಬಾರದಾ?" ಎಂದರು ನಮ್ಮವರು. ದನಿಯಲ್ಲಿ ಅಳು ಬೆರೆತಂತಿತ್ತು.

"ನಿಮಗೇನ್ರೀ ಗೊತ್ತು? ಯಂತ್ರ ಬಿಟ್ಟಿ ಕೊಡುತ್ತಾ?"

"ಅದಕ್ಕೂ ಸುಸ್ತಾಗಿರಬಹುದು ಕಣೇ. ಬೆಳಿಗ್ಗೆಯಿಂದ ಆಡ್ತಿದೆ."

ಅವರನ್ನು ಗದರಿಸಿ ಓಡಿಸಿದೆ. ಹೊತ್ತು ಇಳಿಯುವವರೆಗೆ, ಇಲ್ಲದ ಬಲೆಗಳನ್ನೆಲ್ಲ ದಾಟಿ ದಾಟಿ, ಬೆನ್ನು ಸೆಟೆದು ಕೋಲಾದ ಮೇಲೆ, ಕೊನೆಗೂ ಕಪ್ಪು ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಚೆಕ್‌ಮೇಟ್!

"ಅಬ್ಬಾ, ಮುಗೀತಲ್ಲ!" ಎಂದು ನಮ್ಮವರು ಸೋಫಾದ ಮೇಲೆ ಕುಸಿದರು. ನನ್ನ ಪ್ರತಿಭೆಗೆ ಬೆರಗಾಗಿ ಕುಸಿದರೆಂದೇ ತಿಳಿದೆ.

ಅಲ್ಲಿಗೆ ಸುಮ್ಮನಿರಬಾರದಿತ್ತೇ? ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿದೆ. ತಲೆನೋವಿನ ಪಡೆಯಲ್ಲಿ ಅವರೇ ಹಿರಿಯರು.

"ಕಂಪ್ಯೂಟರನ್ನ ಸೋಲಿಸಿದೀನಿ. ಹಲಗೆ ಹಾಗೇ ಇದೆ, ಬಂದು ನೋಡ್ಕೊಂಡು ಹೋಗಿ."

ಅವರು ಓಡೋಡಿ ಬಂದರು. ಹಿಂದೆಯೇ ಮಗಳೂ ಬಂದಳು, ನೇರ ಮಲಗುವ ಕೋಣೆಗೆ ಹೋದಳು. ಅಲ್ಲಿಂದಲೇ ಕೂಗಿದಳು:

"ಅಮ್ಮಾ, ಇದು ಮಧ್ಯಾಹ್ನವೇ ಗೆದ್ದು ಕೂತಿದೆಯಲ್ಲ!"

ಎಲ್ಲರೂ ಒಳಗೆ ನುಗ್ಗಿದೆವು. ಅವಳು ಪರದೆಯಲ್ಲಿ ನಡೆಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. "ನೋಡು, ಊಟದ ತನಕ ಸರಿಸಮ ಆಡಿದೀಯ. ಈ ಪ್ರೋಗ್ರಾಮ್ ಎದುರಿಗೆ ಇಷ್ಟು ಹೊತ್ತು ಯಾರು ನಿಲ್ತಾರೆ! ಆಮೇಲೆ ಏನಾಯ್ತು? ನಿನ್ನ ಆನೆ ಡಿ ಸಾಲಲ್ಲೇ ಇದೆ. ಇ ಸಾಲಿಗೆ ಬಂದೇ ಇಲ್ಲ."

ನಾನು ಹೊರಗೆ ಬಂದು ಹಲಗೆ ನೋಡಿದೆ. ಡಿ ಸಾಲಿನ ಕೆಳಗಿನ ಮನೆಯಲ್ಲಿ ನಾಲ್ಕಾರು ಉಪ್ಪಿನ ಹರಳು ಹೊಳೆಯುತ್ತಿದ್ದವು. ಮೊಟ್ಟೆಗೆ ಉಪ್ಪು ಹಾಕಿಕೊಂಡವಳು ಡಬ್ಬಿಯನ್ನು ಪಕ್ಕದ ಇ ಸಾಲಿನ ಮನೆಯಲ್ಲಿಟ್ಟಿದ್ದೆ! ಹಲಗೆ ಮುಟ್ಟಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡಿದವಳು ನಾನು. ಉಪ್ಪು ತಿಂದವರು ನೀರು ಕುಡಿಯಲೇಬೇಕಷ್ಟೆ.

"ರೀ, ಆ ನಡೆ ಅದು ಹೇಗೆ ಒಪ್ಪಿಕೊಳ್ತು?"

"ಎಲ್ಲಿ ಒಪ್ಪಿಕೊಳ್ತು? ಆಗಲ್ಲ ಅಂತು. ಮತ್ತೆ ಒತ್ತಿದೆ. ಮತ್ತೆ ಆಗಲ್ಲ ಅಂತು. ನಿನ್ನ ಹತ್ರ ಬಂದು 'ಆಗಲ್ವಂತೆ' ಅಂತ ಹೇಳೋಕಾಗುತ್ತಾ? ಏನೋ ಒಂದು ಮಾಡೋಣ ಅಂತ, ಆಗೋ ಅಂಥದ್ದನ್ನ ಒತ್ತುತ್ತಾ ಹೋದೆ. ಅದು ನಿನ್ನ ರಾಜನ್ನ ಕಟ್ಟಿಹಾಕಿ, ಇನ್ನೊಂದು ಆಟ ಬೇಕಾ ಅಂತ ಕೇಳ್ತು. ಬೇಡಪ್ಪಾ ಅಂದೆ."

"ಹಾಗಾದ್ರೆ ಆಮೇಲೆ ನಾನು ಆಡಿದ್ದು ಯಾರ ಜೊತೆ?"

"ನನ್ನ ಜೊತೆ."

ಕಾರ್ಯದರ್ಶಿ ಕೆಮ್ಮಿದರು.

"ಅಲ್ರೀ, ನಾನು ಸೋತೆ ಅಂತ ಅವಾಗಲೇ ಹೇಳಿದ್ರೆ ಮೇಜು ನಿಮಗೇ ಸಿಗ್ತಿತ್ತಲ್ಲ!" ಎಂದೆ ನಮ್ಮವರಿಗೆ.

"ಸಿಗ್ತಿತ್ತು. ಆಮೇಲೆ ಆ ಮೇಜಲ್ಲಿ ನಿನ್ನ ಎದುರಿಗೆ ಕೂತು ಉಣ್ಣಬೇಕಿತ್ತಲ್ಲ!"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ? ಕಡೆಯ ಹುಲ್ಲುಕಡ್ಡಿ ಹಿಡಿದೆ: "ಆಗಲಿ, ನಿಮ್ಮನ್ನಾದ್ರೂ ಸೋಲಿಸಿದೆನಲ್ಲ!"

"ಸೋಲೋಕೆ ನಾನು ಪಟ್ಟ ಪಾಡು ನನಗೇ ಗೊತ್ತು ತಾಯಿ! ಮಂತ್ರಿನ ಮೂರು ಸಲ ತಂದು ಬಾಯಿಗಿಟ್ಟೆ. ತಿನ್ನಲೇ ಇಲ್ಲವಲ್ಲ ನೀನು!"

ನಾನು ಹಣೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತೆ. "ಯಾಕೋ ಸ್ವಲ್ಪ ತಲೆನೋವು," ಎಂದೆ.

"ಗೊತ್ತು ಮೇಡಂ, ಗೊತ್ತು," ಎಂದರು ಕಾರ್ಯದರ್ಶಿ, ಬಹಳ ಅನುಭವಸ್ಥರಂತೆ. "ನಮಗೂ ಹಾಗೇ ಆಗ್ತಿತ್ತು."

ಅವರು ಹೋದ ಮೇಲೆ ಹಲಗೆಯನ್ನು ನಾನೇ ಎತ್ತಿ ಕಪಾಟಿನ ಮೇಲಿಟ್ಟೆ. ಮಗಳು ಮೇಜು ಒರೆಸಿದಳು. ಅದರ ಮರದ ಬಣ್ಣ ಇಷ್ಟು ತಿಳಿಯೆಂದು ನಾನು ಮರೆತೇಬಿಟ್ಟಿದ್ದೆ. ನಮ್ಮವರು ಶುಭ್ರವಾದ ಅಂಗಿ ತೊಟ್ಟು ಬಂದು, ತಟ್ಟೆಯನ್ನು ಮೇಜಿನ ಮೇಲಿಟ್ಟು, ಅದು ಜಾರುತ್ತದೆಯೇ ಎಂದು ಒಮ್ಮೆ ಅಲುಗಿಸಿ ನೋಡಿದರು. ಜಾರಲಿಲ್ಲ.

ಪಲ್ಯಕ್ಕೆ ಉಪ್ಪು ಕಡಿಮೆಯಿತ್ತು. ನಾನು ಬಾಯಿ ಬಿಡದೆ ಉಂಡೆ. ಆದರೆ ಇಷ್ಟು ವರ್ಷ ಜೊತೆಗಿದ್ದವರಿಗೆ ಮುಖ ಓದಲು ಬಾರದೇ? ಪಿಂಗಾಣಿ ಡಬ್ಬಿಯನ್ನು ನನ್ನ ಕಡೆ ಮೆಲ್ಲಗೆ ಸರಿಸಿದರು.

"ಹಾಕ್ಕೋ. ಹಾಕ್ಕೊಂಡು ಎಲ್ಲಿ ಬೇಕಾದ್ರೂ ಇಡು."