ತಂಕಾರ್‌ಪಾತಾದ ಅವಶೇಷಗಳು

ಒಪ್ಪಂದ ಹತ್ತು ವರ್ಷದ್ದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಮೂರು ತಂಡ, ತಂಡಕ್ಕೆ ಹದಿನಾಲ್ಕು ವಿದೇಶಿಯರು, ತಲೆಗೆ ರಾತ್ರಿಯೊಂದಕ್ಕೆ ನೂರ ನಲವತ್ತು ಸೋಲ್. ಇದಕ್ಕೆ ಪ್ರತಿಯಾಗಿ ತಂಕಾರ್‌ಪಾತಾ ಹಳ್ಳಿಯ ಅಂಗಡಿಯವಳಾದ ದೋನ್ಯಾ, ಅಂದರೆ ಶ್ರೀಮತಿ, ಇಲಾರಿಯಾ ಪೂಮಯಾಲಿ ತನ್ನ ಆಲೂಗೆಡ್ಡೆ ಉಗ್ರಾಣವನ್ನು ವಸತಿಗೃಹ ಎಂದು ಕರೆಯಬೇಕು.

ಕರೆಯುವುದಕ್ಕೆ ಆಕೆಯದೇನೂ ತಕರಾರಿರಲಿಲ್ಲ. ಕುಸ್ಕೋ ನಗರದ ನಡಿಗೆ ಕಂಪನಿಗೂ ಇರಲಿಲ್ಲ. ಅವರ ಮೊದಲನೇ ವಸತಿಗೃಹದಿಂದ ಎರಡನೆಯದಕ್ಕೆ ಹನ್ನೊಂದು ಗಂಟೆಯ ದಾರಿ. ವಿದೇಶಿ ಮೊಣಕಾಲು ಬಾಳುವುದು ಆರು ಗಂಟೆ. ಉಳಿದ ಐದು ಗಂಟೆ ಗಿರಾಕಿಗಳನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಹೋಗಬೇಕಾಗುತ್ತಿತ್ತು. ಅದನ್ನು ನಡಿಗೆಯ ರಜೆ ಎಂದು ಮಾರುವುದು ಕಷ್ಟವಾಗುತ್ತಿತ್ತು. ನಡುದಾರಿಯಲ್ಲಿದ್ದದ್ದು ತಂಕಾರ್‌ಪಾತಾ ಒಂದೇ.

ತಕರಾರಿದ್ದದ್ದು ಪ್ರಾಂತೀಯ ಅವಶೇಷ ಪರಿಶೀಲನಾ ಉಪಕಚೇರಿಯದು. ಅದರ ಹದಿನಾಲ್ಕನೇ ನಿಯಮ ಹೀಗಿತ್ತು: "ನಡಿಗೆದಾರರ ವಸತಿಗೃಹದ ಬಾಗಿಲಿನಿಂದ ನಾನೂರು ಹೆಜ್ಜೆಯೊಳಗೆ ಕನಿಷ್ಠ ಒಂದು ಇಂಕಾ ಅವಶೇಷ ಇರತಕ್ಕದ್ದು. ಇಲ್ಲದಿದ್ದಲ್ಲಿ ಸದರಿ ಕಟ್ಟಡವನ್ನು ಮನೆ ಎಂದು ಪರಿಗಣಿಸತಕ್ಕದ್ದು."

ಐನೂರು ವರ್ಷದ ಹಿಂದೆ ಇಂಕಾಗಳು ತಂಕಾರ್‌ಪಾತಾದ ಮೇಲೆಯೇ ಹಾದುಹೋಗಿದ್ದರು. ನಿಲ್ಲುವುದಕ್ಕೆ ಅವರಿಗೆ ಕಾರಣ ಸಿಕ್ಕಿರಲಿಲ್ಲ. ಆಮೇಲೆ ಬಂದವರಿಗೂ ಸಿಕ್ಕಿರಲಿಲ್ಲ.

ಇಲಾರಿಯಾ ಅಷ್ಟರಲ್ಲೇ ಹದಿನಾಲ್ಕು ಮಂಚ, ಹದಿನಾಲ್ಕು ಬಿಸಿನೀರಿನ ಚೀಲ, ಒಂದು ನಿಲುವುಗನ್ನಡಿ ತಂದಿಟ್ಟಾಗಿತ್ತು. ಅದಕ್ಕಾಗಿ ಸರಕು ಸಾಗಿಸುವ ತನ್ನ ಲಾರಿಯನ್ನೇ ಮಾರಿದ್ದಳು. ಪರವಾನಗಿ ಬಾರದೆ ಹೋದರೆ ಆಕೆಗೆ ಉಳಿಯುವುದು ಮಂಚಗಳು, ಮತ್ತು ಅವುಗಳ ಮೇಲೆ ಮಲಗಿಸಲು ಆಲೂಗೆಡ್ಡೆ.

ಏಪ್ರಿಲ್‌ನಲ್ಲಿ ಪರಿಶೀಲಕ ರೋಮುಲೊ ಆರ್ಬಿಯೆತೊ ಬಂದ. ಅವನು ಇಂಜಿನಿಯರ್ ಅಲ್ಲ. ಆದರೆ ಆ ಬೆಟ್ಟಗಳಲ್ಲಿ ಕಂಕುಳಲ್ಲಿ ಕಡತ ಇಟ್ಟುಕೊಂಡು ಬಂದವರನ್ನೆಲ್ಲ ಇಂಜಿನಿಯರ್ ಎಂದೇ ಕರೆಯುವುದು. ಉಪಕಚೇರಿಯಲ್ಲಿ ಬಡ್ತಿ ಬೇಕಾದವನು ಎರಡು ಹೊಸ ಅವಶೇಷ ಪತ್ತೆ ಮಾಡಬೇಕು. ಆರ್ಬಿಯೆತೊ ನಾಲ್ಕು ವರ್ಷದಲ್ಲಿ ಒಂದನ್ನೂ ಪತ್ತೆ ಮಾಡಿರಲಿಲ್ಲ, ಒಳ್ಳೊಳ್ಳೆಯವನ್ನೆಲ್ಲ ಹಿರಿಯ ಅಧಿಕಾರಿಗಳು ಮೊದಲೇ ಮುಗಿಸಿಬಿಟ್ಟಿದ್ದರು. ಅವನು ಹಳ್ಳಿಯನ್ನು ಎರಡು ಸುತ್ತು ಹಾಕಿ, "ಅವಶೇಷ: ಶೂನ್ಯ" ಎಂದು ಬರೆದು, ಇಲಾರಿಯಾ ಹುರಿದುಕೊಟ್ಟ ಗಿನಿಯಿಲಿ ತಿಂದು, ಮೂರು ಲೋಟ ಚಿಚಾ ಎಂಬ ಮೆಕ್ಕೆಜೋಳದ ಹೆಂಡ ಕುಡಿದು, ಉಗ್ರಾಣದ ಹಿಂದಕ್ಕೆ ಅವಸರವಾಗಿ ಹೋದ. ವಾಪಸು ಬರುವಾಗ ಅವಸರವಿರಲಿಲ್ಲ.

"ಇಲಾರಿಯಾ ಅವರೇ, ಅಲ್ಲೊಂದು ಗೋಡೆ ಇದೆ."

"ನಾಸಾರಿಯೊನ ದೊಡ್ಡಿ ಅದು. ಯಾಕೆ, ಅದಕ್ಕೆ ಹೊಯ್ದುಬಿಟ್ರಾ?"

"ಕಲ್ಲು ಕಲ್ಲಿನ ಮಧ್ಯೆ ಚಾಕುವಿನ ತುದಿ ಹೋಗ್ತಿಲ್ಲ. ನಾನು ತೂರಿಸಿ ನೋಡ್ದೆ. ಇಂಕಾಗಳ ಗೋಡೇನೇ ಹಾಗಿರೋದು."

ಕಲ್ಲುಕಟ್ಟುವ ನಾಸಾರಿಯೊ ಕೋರಿಮಾನ್ಯಾನನ್ನು ಕರೆಸಲಾಯಿತು. ವಯಸ್ಸು ಎಪ್ಪತ್ತೊಂದು. ಇಲಾರಿಯಾಳ ಮಗಳ ಮೊದಲ ಕೂದಲು ಕತ್ತರಿಸಿದವನು ಅವನೇ; ಹಾಗಾಗಿ ಮಗುವಿಗೆ ಧರ್ಮತಂದೆ, ಆಕೆಗೆ ಅವನು ಕೊಂಪಾದ್ರೆ, ಅವನಿಗೆ ಆಕೆ ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಗುಲಗಂಜಿ ಹೆಚ್ಚಿನ ನಂಟು.

"ಇಂಜಿನಿಯರ್ರೆ, ಅದು ನಾನು ಕಟ್ಟಿದ್ದು," ಎಂದ ನಾಸಾರಿಯೊ.

"ಯಾವಾಗ?"

"ಜನಗಣತಿಯೋರು ಬಂದು ನನ್ನ ಹೆಂಡ್ತೀನ ಬಿಟ್ಟು ಹೇಸರಗತ್ತೇನ ಬರ್ಕೊಂಡು ಹೋದ್ರಲ್ಲ, ಆ ವರ್ಷ."

"ನಕ್ಷೆ? ಪರವಾನಗಿ? ಕಲ್ಲು ತಂದ ರಸೀದಿ?"

"ಕಲ್ಲು ಬೆಟ್ಟದ್ದು. ಬೆಟ್ಟ ರಸೀದಿ ಕೊಡಲ್ಲ."

ಆರ್ಬಿಯೆತೊ ಸಮಾಧಾನದಿಂದ ಕಡತ ಮುಚ್ಚಿದ. "ನೋಡಿ ತಾತ, ಇಂಕಾಗಳಿಗೆ ಬರವಣಿಗೆ ಇರಲಿಲ್ಲ. ಅವರ ಕಟ್ಟಡಕ್ಕೆ ಒಂದು ಚೂರು ಕಾಗದವೂ ಸಿಗಲ್ಲ. ನಿಮ್ಮ ದೊಡ್ಡಿಗೂ ಒಂದು ಚೂರು ಕಾಗದ ಇಲ್ಲ. ನಾನು ಇನ್ನೇನಂತ ಬರೀಲಿ, ನೀವೇ ಹೇಳಿ."

ಮೂರನೇ ದಿನ ಉಗ್ರಾಣದ ಬಾಗಿಲಿಗೆ ತಾತ್ಕಾಲಿಕ ಆದೇಶ ಅಂಟಿಸಲಾಯಿತು. "ಸದರಿ ಆವರಣವು ಇಂಕಾ ಕಾಲದ್ದೆಂದು ಘೋಷಿಸಲಾಗಿದೆ. ಒಳಗೆ ಕಂಡುಬಂದ ಇಪ್ಪತ್ತಮೂರು ಅಲ್ಪಾಕಾಗಳನ್ನು ಸ್ಥಳಸಂಬಂಧಿ ವಸ್ತುಗಳೆಂದು ಪರಿಗಣಿಸಿ ಕ್ರಮಸಂಖ್ಯೆ ನೀಡಲಾಗಿದೆ. ಅವು ಬೆಳಿಗ್ಗೆ ಮೇಯಲು ಹೋಗುವುದನ್ನು ತಾತ್ಕಾಲಿಕ ಸ್ಥಳಾಂತರ ಎಂದೂ, ಸಂಜೆ ಹಿಂದಿರುಗುವುದನ್ನು ಮರುಸ್ಥಾಪನೆ ಎಂದೂ ದಾಖಲಿಸತಕ್ಕದ್ದು. ಆಕ್ಷೇಪಣೆಗಳಿದ್ದಲ್ಲಿ ಅರವತ್ತು ದಿನದೊಳಗೆ ಸಲ್ಲಿಸತಕ್ಕದ್ದು."

ಅರವತ್ತು ದಿನ ಯಾರೂ ಬಾಯಿ ಬಿಡದಿದ್ದರೆ ಅವಶೇಷ ಕಾಯಂ, ಪರವಾನಗಿ ಕೈಯಲ್ಲಿ. ಬಾಯಿ ಬಿಡುವವನು ಹಳ್ಳಿಗೆಲ್ಲ ಒಬ್ಬನೇ ಇದ್ದ. ಇಲಾರಿಯಾ ಎರಡು ಮೂಟೆ ಸಕ್ಕರೆ, ಒಂದು ಮೂಟೆ ಕೋಕಾ ಎಲೆ ಹೊರಿಸಿಕೊಂಡು ಅವನ ಮನೆಗೆ ಹೋದಳು.

"ದೊಡ್ಡಿ ತಗೊ ಕೊಮಾದ್ರೆ, ಜಾಗಾನೂ ತಗೊ. ಹೆಸರು ಮಾತ್ರ ಕೊಡಲ್ಲ," ಎಂದ ನಾಸಾರಿಯೊ. "ಎರಡು ವರ್ಷ ಮಳೆ ನಿಂತಾಗೆಲ್ಲ ಕಲ್ಲು ಹೊತ್ತಿದ್ದೀನಿ. ನನ್ನ ಎಡಗೈ ಕಿರುಬೆರಳು ಆ ಗೋಡೆ ಒಳಗೇ ಇದೆ. ಈಗ ಯಾವನೋ ಇಂಕಾ ಬಂದು ನಂದು ಅಂತಾನಾ? ಅವನ ಬೆರಳು ತೋರಿಸ್ಲಿ."

"ಅವನು ಸತ್ತು ಐನೂರು ವರ್ಷ ಆಯ್ತಲ್ಲೋ ಮಾರಾಯ. ಸತ್ತೋರ ಜೊತೆ ಎಂಥ ಜಗಳ?"

"ಸತ್ತೋನಿಗೆ ನನ್ನ ಗೋಡೆ ಯಾಕೆ ಬೇಕು?"

"ಮೂರು ಮೂಟೆ ಸಕ್ಕರೆ."

"ನೀನು ಇಂಕಾ ಜೊತೆ ವ್ಯಾಪಾರ ಮಾಡ್ಕೊ ಹೋಗು."

ಆತ ತೀರ್ಮಾನಿಸಿಯೂ ಆಗಿತ್ತು. ಮೊದಲಿನ ಗೋಡೆಯ ಪಕ್ಕದಲ್ಲೇ ಅದರಂಥದ್ದೇ ಇನ್ನೊಂದನ್ನು ಊರೆದುರು ಕಟ್ಟಿ, ಇಂಜಿನಿಯರ್‌ನ ಮುಖಕ್ಕೆ ಹಿಡಿಯುವುದು. ಅದಕ್ಕಾಗಿ ಅವನು ಅಯ್ನಿ ಕೇಳಿದ.

ತಂಕಾರ್‌ಪಾತಾದಲ್ಲಿ ಕೂಲಿ ಎಂಬುದಿಲ್ಲ, ಅಯ್ನಿ ಇದೆ. ನೀನು ನನ್ನ ಹೊಲದಲ್ಲಿ ಒಂದು ದಿನ ದುಡಿದರೆ ನಾನು ನಿನ್ನ ಹೊಲದಲ್ಲಿ ಒಂದು ದಿನ ದುಡಿಯಬೇಕು. ಇಲ್ಲವೆಂದವನ ಆಲೂಗೆಡ್ಡೆ ಅಗೆಯಲು ಯಾರೂ ಬರುವುದಿಲ್ಲ, ಹೆಣ ಹೊರಲೂ ಬರುವುದಿಲ್ಲ. ನಾಸಾರಿಯೊ ಐವತ್ತು ವರ್ಷದಲ್ಲಿ ಊರಿನ ಪ್ರತಿ ಮನೆಗೂ ಗೋಡೆ ಎಬ್ಬಿಸಿದ್ದ, ಆದರೆ ತಿರುಗಿ ಒಂದು ದಿನವನ್ನೂ ಕೇಳಿರಲಿಲ್ಲ. ಉಗ್ರಾಣದ ಪಾಯ ಹಾಕಿದ್ದೂ ಅವನೇ. ಇಲಾರಿಯಾ ನಾಲ್ಕು ದಿನ ಬಾಕಿ.

ಹೀಗಾಗಿ ತನ್ನ ವಸತಿಗೃಹವನ್ನು ಮುಳುಗಿಸುವ ಸಾಕ್ಷಿಗೆ ಇಲಾರಿಯಾ ನಾಲ್ಕು ದಿನ ತಾನೇ ಬೆನ್ನ ಮೇಲೆ ಕಲ್ಲು ಹೊತ್ತಳು. ಕೆಲಸಗಾರರಿಗೆ ಚಿಚಾ ಕೊಡುವ ಸರದಿಯೂ ಆಕೆಯದೇ ಬಂತು. ನೀರು ಬೆರೆಸಬಹುದಿತ್ತು, ಬೆರೆಸಲಿಲ್ಲ; ವ್ಯಾಪಾರ ಹಾಳಾದರೂ ಅಂಗಡಿಯ ಹೆಸರು ಉಳಿಯಬೇಕು. ಊರಿನ ಅಧ್ಯಕ್ಷ ವಿಲ್ಬರ್ ಚಂಪಿ ದಿನಾ ಬೆಳಿಗ್ಗೆ ಸೀಟಿ ಊದಿ ಹಾಜರಿ ಕೂಗಿದ.

"ಪೂಮಯಾಲಿ, ಇಲಾರಿಯಾ!"

"ಬಂದಿದ್ದೀನಿ, ಕಾಣಲ್ವಾ?"

"ಕಲ್ಲು ಸಣ್ಣದಾಯ್ತು, ದೋನ್ಯಾ."

"ನಿನ್ನ ತಲೆ ಕೊಡು, ದೊಡ್ಡದಿದೆ. ಒಳಗೆ ಟೊಳ್ಳು, ಹೊರೋಕೂ ಹಗುರ."

ಹನ್ನೊಂದು ದಿನದಲ್ಲಿ ಗೋಡೆ ಎದ್ದಿತು. ಮೊದಲಿನದಕ್ಕಿಂತ ಚೆನ್ನಾಗಿತ್ತು ಎಂದು ಎಲ್ಲರೂ ಒಪ್ಪಿದರು. ಇಲಾರಿಯಾ ಉಗ್ರಾಣಕ್ಕೆ ಹೋಗಿ, ಮಂಚಗಳನ್ನು ಮಾರಬೇಕಾದೀತೆಂದು ಅವುಗಳ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯದೆ ಹಾಗೇ ಉಳಿಸಿದಳು.

ಅರವತ್ತನೇ ದಿನ ಆರ್ಬಿಯೆತೊ ಬಂದ. ನಾಸಾರಿಯೊ ಹೊಸ ಟೋಪಿ ಹಾಕಿಕೊಂಡು ಹೊಸ ಗೋಡೆಯ ಮುಂದೆ ನಿಂತಿದ್ದ. ಹಿಂದೆ ನಲವತ್ತು ಮನೆಯವರು.

"ಕಳೆದ ಸಲ ಇದು ಇಲ್ಲಿರಲಿಲ್ಲ," ಎಂದ ಆರ್ಬಿಯೆತೊ.

"ಇರಲಿಲ್ಲ. ನಾನು ಕಟ್ದೆ."

"ಇರಲಿಲ್ಲ ಅಂದ್ರೆ ಮಣ್ಣಿನ ಕೆಳಗೆ ಇತ್ತು ಅಂತ ಅರ್ಥ."

"ಇಂಜಿನಿಯರ್ರೆ, ಈ ನಲವತ್ತು ಜನಾನೇ ಕಲ್ಲು ಹೊತ್ತಿದ್ದು!"

"ಕೂಲಿ ಎಷ್ಟು ಕೊಟ್ರಿ?"

"ಕೂಲಿ ಯಾಕೆ? ಅಯ್ನಿ."

"ಮನೆಗೊಬ್ಬರಂತೆ? ಹಾಜರಿ ಕೂಗಿ?"

"ಸೀಟಿ ಊದಿ," ಎಂದ ವಿಲ್ಬರ್ ಹೆಮ್ಮೆಯಿಂದ.

"ಚಿಚಾ ಕೊಟ್ರಾ?"

ಎಲ್ಲರೂ ಇಲಾರಿಯಾಳ ಕಡೆ ನೋಡಿದರು. "ಕೊಟ್ವಿ," ಎಂದಳು. "ದಪ್ಪಗಿತ್ತು."

ಆರ್ಬಿಯೆತೊ ಬರೆದುಕೊಂಡ: "ನಿರ್ಮಾಣ ವಿಧಾನವು ಇಂಕಾ ವಿಧಾನದೊಂದಿಗೆ ಸಂಪೂರ್ಣವಾಗಿ ತಾಳೆಯಾಗುತ್ತದೆ. ಅವಶೇಷ ಸಂಖ್ಯೆ ಎರಡು." ಬಡ್ತಿಗೆ ಬೇಕಾದ ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದ.

ನಾಸಾರಿಯೊ ಟೋಪಿ ತೆಗೆದು ನೆಲಕ್ಕೆ ಬಡಿದ. "ನಾಳೇನೇ ರಾಜಧಾನಿಗೆ ಹೋಗ್ತೀನಿ. ಪತ್ರಿಕೆಯೋರನ್ನ ಕರೀತೀನಿ. ಎರಡೂ ಗೋಡೆ ಕೆಡವಿ ಒಳಗಿರೋ ಬೆರಳು ತೋರಿಸ್ತೀನಿ!"

ಆರ್ಬಿಯೆತೊನ ಕೈ ನಿಂತಿತು. ಪತ್ರಿಕೆ ಎಂಬ ಮಾತು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಇಲಾರಿಯಾ ಅವನ ಕೈಯಿಂದ ನಮೂನೆ ತೆಗೆದುಕೊಂಡು, ಎಣ್ಣೆ ಡಬ್ಬಿಯ ಚೀಟಿ ಓದುವಷ್ಟು ನಿಧಾನವಾಗಿ ಮೇಲಿಂದ ಕೆಳಗೆ ಓದಿದಳು.

"ಇದೇನು, ಒಂಬತ್ತನೇದು? 'ಕಟ್ಟಿದವರು: ಇಂಕಾ'. ಅದರ ಮುಂದೆ ಖಾಲಿ ಇದೆಯಲ್ಲ."

"ಯಾವ ಇಂಕಾ ಅಂತ ಗೊತ್ತಿದ್ದಲ್ಲಿ ಹೆಸರು ಬರೀಬೇಕು. ಯಾರಿಗೂ ಗೊತ್ತಿರಲ್ಲ, ಹಾಗಾಗಿ ಖಾಲಿ."

"ನಮಗೆ ಗೊತ್ತು," ಎಂದಳು ಇಲಾರಿಯಾ. "ಊರಿನ ಸಭೆ ಠರಾವು ಮಾಡಿ ಮೊಹರು ಒತ್ತಿದ್ರೆ ಅದು ದಾಖಲೆ ತಾನೇ?"

ಆರ್ಬಿಯೆತೊ ಯೋಚಿಸಿದ. ಅಲ್ಲ ಎನ್ನುವ ನಿಯಮ ಇರಲಿಲ್ಲ.

ಅಲ್ಲೇ ನಿಂತಲ್ಲೇ ಸಭೆ ಸೇರಿತು. ವಿಷಯ: ನಾಸಾರಿಯೊ ಕೋರಿಮಾನ್ಯಾ ಅವರನ್ನು ಇಂಕಾ ಎಂದು ಮಾನ್ಯ ಮಾಡುವ ಬಗ್ಗೆ. ಎಲ್ಲರೂ ಕೈ ಎತ್ತಿದರು, ಅವನ ಹೆಂಡತಿ ಫೆಲಿಸಿಯಾನಾ ಒಬ್ಬಳನ್ನು ಬಿಟ್ಟು.

"ಇವ್ರು ಇಂಕಾ ಆದ್ರೆ ಸೌದೆ ತರೋರು ಯಾರು?"

ನಡಾವಳಿಯಲ್ಲಿ ದಾಖಲಾಯಿತು: "ಸೌದೆಯನ್ನು ಇಂಕಾ ಅವರೇ ತರತಕ್ಕದ್ದೆಂದು ಒಮ್ಮತದಿಂದ ತೀರ್ಮಾನಿಸಲಾಯಿತು."

ನಾಸಾರಿಯೊ ನೆಲದಿಂದ ಟೋಪಿ ಎತ್ತಿ ಧೂಳು ಕೊಡವಿದ. "ಹೆಸರು ದೊಡ್ಡದಾಗಿ ಬರೀತೀರಾ?"

"ಇಂಕಾಗಿಂತ ದೊಡ್ಡದಾಗಿ," ಎಂದಳು ಕೊಮಾದ್ರೆ. "ಬಣ್ಣ ನನ್ನ ಅಂಗಡೀದು. ಅರ್ಧ ಬೆಲೆ."

ಹಲಗೆ ಹೀಗೆ ಎದ್ದಿತು: "ಇಂಕಾ ಅವಶೇಷ. ಕಟ್ಟಿದವರು: ಇಂಕಾ ನಾಸಾರಿಯೊ ಕೋರಿಮಾನ್ಯಾ. ಕಾಲ: ಹದಿನೈದನೇ ಶತಮಾನ ಮತ್ತು ಕಳೆದ ಮೇ ತಿಂಗಳು. ಮುಟ್ಟಬಾರದು."

ಜುಲೈ ಮೊದಲ ವಾರ ಹದಿನಾಲ್ಕು ಮಂಚಗಳೂ ಭರ್ತಿಯಾದವು. ವಿದೇಶಿ ಹೆಂಗಸೊಬ್ಬಳು ಹಲಗೆ ಓದಿ ಮಾರ್ಗದರ್ಶಿಯನ್ನು ಕೇಳಿದಳು: ಆ ಕಾಲದಲ್ಲಿ ಇದರೊಳಗೆ ಏನು ಮಾಡುತ್ತಿದ್ದರು?

"ಅಲ್ಪಾಕಾ ಕೂಡಿಹಾಕುತ್ತಿದ್ದರು."

"ಈಗ?"

"ಅಲ್ಪಾಕಾ ಕೂಡಿಹಾಕುತ್ತಾರೆ."

ಪರಂಪರೆ ಇಷ್ಟು ಚೆನ್ನಾಗಿ ಉಳಿದ ಜಾಗವನ್ನು ತಾನು ಎಲ್ಲೂ ನೋಡಿಲ್ಲವೆಂದು ಆಕೆ ಅತಿಥಿ ಪುಸ್ತಕದಲ್ಲಿ ಬರೆದಳು. ಅಷ್ಟರಲ್ಲಿ ಇಂಕಾ ಸೌದೆ ಹೊತ್ತು ಬಂದ. ಎಲ್ಲರೂ ಅವನ ಜೊತೆ ಫೋಟೊ ತೆಗೆಸಿಕೊಂಡರು. ಫೋಟೊಗೆ ಐದು ಸೋಲ್, ಸೌದೆ ಸಮೇತ ಏಳು.

ಆಗಸ್ಟ್‌ನಲ್ಲಿ ಕೆಳಗಿನ ಎರಡು ಹಳ್ಳಿಗಳ ಅಧ್ಯಕ್ಷರು ತಮಗೂ ಅವಶೇಷ ಬೇಕೆಂದು ಮುಂಗಡ ಹಿಡಿದುಕೊಂಡು ಬಂದರು. ಮುಖ್ಯ ಪರಿಶೀಲಕರಾಗಿ ಬಡ್ತಿ ಪಡೆದ ಶ್ರೀ ಆರ್ಬಿಯೆತೊ ಅವರು, ಜೀವಂತ ಇಂಕಾ ಕಟ್ಟುವ ಅವಶೇಷಗಳನ್ನು ಕಟ್ಟುವ ಮೊದಲೇ ನೋಂದಾಯಿಸಿಕೊಳ್ಳಬಹುದೆಂದು ಸುತ್ತೋಲೆ ಹೊರಡಿಸಿದರು. ದರ ಇಲಾರಿಯಾ ಗೊತ್ತುಮಾಡಿದಳು. ಅರ್ಧ ಬಿದ್ದ ಗೋಡೆಗೆ ಹೆಚ್ಚು, ಯಾಕೆಂದರೆ ಸರಿಯಾಗಿ ಬೀಳಿಸುವುದಕ್ಕೆ ಕಟ್ಟುವುದಕ್ಕಿಂತ ಕೈಚಳಕ ಬೇಕು.

ಅಕ್ಟೋಬರ್ ಕೊನೆಗೆ ತಂಕಾರ್‌ಪಾತಾ ಗಳಿಸಿದ್ದು ಒಟ್ಟು ಇಷ್ಟು: ವಸತಿಗೃಹ ಒಂದು, ಹಳೆಯ ಅವಶೇಷ ಎರಡು, ಮುಂದಿನ ಮಳೆಗಾಲ ಕಳೆದ ಮೇಲೆ ಹಳೆಯವಾಗಲಿರುವ ಅವಶೇಷ ಮೂರು, ಮತ್ತು ಇಂಕಾ ಒಬ್ಬರು, ಆರೋಗ್ಯವಾಗಿದ್ದಾರೆ.