ಸ್ಯಾಂಡ್ ವೆಡ್ಜ್ ಬಿಟ್ಟು ಹೊರಟ ಭಾನುವಾರ

ತಪ್ಪೆಲ್ಲ ಮೇಲಿನ ಮನೆಯ ಮೇಷ್ಟ್ರದು. ಆ ಭಾನುವಾರ ಬೆಳಗಾಗುತ್ತಲೇ ಅವರು ಅಳಿಯನ ಲಾಬ್ ವೆಡ್ಜ್ ಎಂಬ ಗಾಲ್ಫ್ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲಿಳಿದು ಬಾರದಿದ್ದರೆ, ನಮ್ಮ ಸ್ಟೋರ್‌ಕೀಪರ್ ನೆಮ್ಮದಿಯಾಗಿ ತಿಂಡಿಯನ್ನಾದರೂ ತಿಂದು ಹೊರಡುತ್ತಿದ್ದ.

ಅವನಿಗೆ ಅವತ್ತು ದೊಡ್ಡ ಪರೀಕ್ಷೆಯಿತ್ತು. ಕಾರ್ಖಾನೆಯಲ್ಲಿ ಉಗ್ರಾಣದ ಮುಖ್ಯಸ್ಥನ ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು. ಅಲ್ಲೇ ಕೂದಲು ನರೆಸಿಕೊಂಡ ಇವನು ಒಬ್ಬ, ನಿನ್ನೆ ಮೊನ್ನೆ ಬಂದ ಆಡಿಟರ್ ಇನ್ನೊಬ್ಬ. ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಗಾಲ್ಫ್ ಹುಚ್ಚು. ಅವರ ದೆಸೆಯಿಂದ ಕಾರ್ಖಾನೆಗೆ ಕಾರ್ಖಾನೆಯೇ ಗಾಲ್ಫ್ ಕಲಿತಿತ್ತು. "ಭಾನುವಾರ ಇಬ್ಬರೂ ಆಡಿ. ಕಡಿಮೆ ಹೊಡೆತದಲ್ಲಿ ಮುಗಿಸಿದವನಿಗೆ ಕುರ್ಚಿ" ಎಂದು ಅವರು ಕೈ ತೊಳೆದುಕೊಂಡಿದ್ದರು.

"ದೂರ ಹೊಡೆಯೋದು ದೊಡ್ಡದಲ್ಲ ಕಣಯ್ಯಾ, ಕುಳಿ ಹತ್ತಿರ ಬಂದ್ಮೇಲೆ ಆಟ ಇರೋದು" ಎಂದರು ಮೇಷ್ಟ್ರು. ಅವರು ಜನ್ಮದಲ್ಲಿ ಗಾಲ್ಫ್ ಕೋಲು ಬೀಸಿದವರಲ್ಲ, ಟೀವಿಯಲ್ಲಿ ಮಾತ್ರ ಒಂದು ಪಂದ್ಯವನ್ನೂ ಬಿಟ್ಟವರಲ್ಲ. "ಇದರ ಮುಖ ನೋಡು, ಆಕಾಶಕ್ಕೆ ತೆರಕೊಂಡಿದೆ. ಚೆಂಡು ಮೇಲಕ್ಕೆ ಹೋಗಿ ಮೆತ್ತಗೆ ಇಳಿಯುತ್ತೆ. ತಗೊಂಡು ಹೋಗು."

"ಚೀಲದಲ್ಲಿ ಹದಿನಾಲ್ಕು ಕೋಲಿವೆ ಮೇಷ್ಟ್ರೇ. ಅದಕ್ಕಿಂತ ಒಂದು ಹೆಚ್ಚಾದ್ರೂ ದಂಡ ಹಾಕ್ತಾರೆ."

"ಹಾಗಾದ್ರೆ ಒಂದು ತೆಗೆದಿಡು. ಆ ಸ್ಯಾಂಡ್ ವೆಡ್ಜ್ ತೆಗಿ. ಅದರ ಕೆಲಸವನ್ನೂ ಇದೇ ಮಾಡುತ್ತೆ."

ಸ್ಟೋರ್‌ಕೀಪರ್ ಸ್ಯಾಂಡ್ ವೆಡ್ಜಿನ ಹಿಡಿಯನ್ನು ಒಮ್ಮೆ ಸವರಿದ. ಮನೆ ಹಿಂದಿನ ಮರಳು ಗುಡ್ಡೆಯಲ್ಲಿ ದಿನಾ ಸಂಜೆ ಅಭ್ಯಾಸ ಮಾಡುತ್ತಿದ್ದುದು ಆ ಸ್ಯಾಂಡ್ ವೆಡ್ಜಿನಲ್ಲೇ. ಮೈದಾನದ ಮರಳು ಗುಂಡಿಗೆ ಬಿದ್ದ ಚೆಂಡನ್ನು ಎತ್ತುವ ಕೋಲು ಅದು; ತಳ ದಪ್ಪ, ಮರಳಿನಲ್ಲಿ ಹೂತುಕೊಳ್ಳದೆ ಜಾರುತ್ತದೆ. ಆದರೆ ಹಿರಿಯರ ಮಾತಿಗೆ ಇಲ್ಲ ಎನ್ನುವ ನಾಲಿಗೆ ಅವನಿಗೆ ದೇವರು ಕೊಟ್ಟಿರಲಿಲ್ಲ. ಅವನು ಅದನ್ನು ತೆಗೆದು ಬಾಗಿಲ ಮೂಲೆಗೆ ಒರಗಿಸಿದ.

ಆಗಷ್ಟೇ ಅಡುಗೆಮನೆಯಿಂದ ಬಂದ ಹೆಂಡತಿ ಕೇಳಿದಳು. "ಅದನ್ಯಾಕ್ರೀ ತೆಗೆದ್ರಿ? ಮೂರು ಹೊತ್ತೂ ಅದನ್ನೇ ಹಿಡ್ಕೊಂಡಿದ್ರಲ್ಲ?"

"ನಿನಗೆ ಗೊತ್ತಾಗಲ್ಲ ಬಿಡಮ್ಮ" ಎಂದರು ಮೇಷ್ಟ್ರು. ಅವನು ಸ್ನಾನಕ್ಕೆ ಹೋದಾಗ ನೀರಿನ ಬಾಟಲಿ, ಟವೆಲ್ ಎಲ್ಲ ಅವಳೇ ಚೀಲಕ್ಕೆ ಹಾಕಿಟ್ಟಳು.

ಮೈದಾನದಲ್ಲಿ ಆಡಿಟರ್ ಇವನ ಚೀಲವನ್ನು ಗೋಡೌನು ತಪಾಸಣೆಗೆ ಬಂದವನಂತೆ ನೋಡಿದ. "ಹೊಸ ವೆಡ್ಜಾ ಸಾರ್?"

"ಹೌದು. ಸ್ಯಾಂಡ್ ವೆಡ್ಜ್ ಮನೇಲೇ ಬಿಟ್ಟು ಬಂದೆ" ಎಂದು ಇವನು ಕೇಳದಿದ್ದುದನ್ನೂ ಹೇಳಿದ.

ಲಾಬ್ ವೆಡ್ಜ್ ಎರಡನೆಯ ಕುಳಿಯಲ್ಲೇ ತನ್ನ ಬುದ್ಧಿ ತೋರಿಸಿತು. ಚೆಂಡು ಲಿಫ್ಟಿನಲ್ಲಿ ಹೋದಂತೆ ನೆಟ್ಟಗೆ ಮೇಲೇರಿ, ಹೋದ ದಾರಿಯಲ್ಲೇ ಇಳಿದು ಅವನ ಬೂಟಿನ ಪಕ್ಕ ಕೂತಿತು. ಸಾಹೇಬರು ಗಂಟಲು ಸರಿಮಾಡಿಕೊಂಡರು. ಅಲ್ಲಿಂದಾಚೆಗೆ ಅವನು ಅದನ್ನು ಮುಟ್ಟಲಿಲ್ಲ, ಹಳೆಯ ಪಿಚಿಂಗ್ ವೆಡ್ಜಿನಲ್ಲೇ ಚೆಂಡನ್ನು ತಗ್ಗಾಗಿ ಹಾರಿಸಿ, ಉರುಳಿಸಿ ಹೇಗೋ ಸುಧಾರಿಸಿಕೊಂಡ. ಪುಣ್ಯಕ್ಕೆ ಕುಳಿ ಹತ್ತಿರವಾದಷ್ಟೂ ಆಡಿಟರನ ಗುರಿ ತಪ್ಪುತ್ತಿತ್ತು. ಹೀಗೆ ಬಿದ್ದು ಎದ್ದು ಕೊನೆಯ ಕುಳಿಗೆ ಬರುವಷ್ಟರಲ್ಲಿ ಇಬ್ಬರೂ ಸಮಸಮ ಆಗಿದ್ದರು.

ಅಲ್ಲಿ ಆಡಿಟರನ ಚೆಂಡು ಹುಲ್ಲಿನ ಮೇಲೆ, ಕುಳಿಗೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತು. ಇವನದು ಸೀದಾ ಮರಳಿನ ಗುಂಡಿಗೆ ಬಿತ್ತು.

ಅವನು ಗುಂಡಿಯ ಅಂಚಿನಲ್ಲಿ ನಿಂತು ಲೆಕ್ಕ ಹಾಕಿದ. ಲಾಬ್ ವೆಡ್ಜಿನ ತೆಳು ತಳ ಮರಳಿಗೆ ಗುದ್ದಲಿಯಂತೆ ಇಳಿಯುತ್ತದೆ. ಪಿಚಿಂಗ್ ವೆಡ್ಜಿನಲ್ಲಿ ಹೊಡೆದರೆ ಚೆಂಡು ಗುಂಡಿಯ ಅಂಚಿಗೆ ಬಡಿದು ವಾಪಸು ಬರುತ್ತದೆ. ಕುರ್ಚಿ ಹೋಯಿತು ಎಂದುಕೊಂಡ. ಮೇಷ್ಟ್ರನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದ.

"ಬೇಗ, ಬೇಗ" ಎಂದರು ಸಾಹೇಬರು.

ಕಣ್ಣಿಗಿಳಿದ ಬೆವರು ಒರೆಸಿಕೊಳ್ಳಲು ಅವನು ಚೀಲದಲ್ಲಿದ್ದ ಟವೆಲ್ ಎಳೆದ. ಅದು ಬರಲಿಲ್ಲ. ಏನಕ್ಕೋ ಸುತ್ತಿ ಗಂಟು ಹಾಕಿತ್ತು. ಬಿಚ್ಚಿದರೆ ಒಳಗೆ ತಣ್ಣಗೆ ಕೂತಿದೆ, ಅವನ ಸ್ಯಾಂಡ್ ವೆಡ್ಜ್!

ಎಂಥ ಹೆಂಡತಿಯಪ್ಪಾ ಎಂದುಕೊಂಡ. ಕಾಲನ್ನು ಮರಳಿನಲ್ಲಿ ಊರಿ, ಚೆಂಡಿನ ಹಿಂದಿನ ಮರಳಿಗೆ ಗುರಿಯಿಟ್ಟು ಬೀಸಿದ. ಮರಳು ಚಿಮ್ಮಿತು, ಚೆಂಡು ಅದರ ಜೊತೆಗೇ ಹೊರಬಂದು ಹುಲ್ಲಿನ ಮೇಲೆ ಇಳಿದು, ಉರುಳಿ, ಅಂಚಿನಲ್ಲಿ ಕ್ಷಣ ಯೋಚಿಸಿ, ಕುಳಿಗೆ ಬಿತ್ತು. ಆಡಿಟರ್ ಹೊಡೆದ ಚೆಂಡು ಕುಳಿಯನ್ನು ಸವರಿಕೊಂಡು ಮುಂದೆ ಹೋಯಿತು.

"ಭೇಷ್!" ಎಂದು ಸಾಹೇಬರು ಬೆನ್ನು ತಟ್ಟಿದರು. ಆಡಿಟರ್ ಕೂಡ ಕೈ ಕುಲುಕಿದ, ಆದರೆ ಬಿಡಲಿಲ್ಲ.

"ಒಳ್ಳೇ ಹೊಡೆತ ಸಾರ್. ಸ್ಯಾಂಡ್ ವೆಡ್ಜ್ ಮನೇಲಿದೆ ಅಂದಿದ್ರಲ್ಲ?"

ಇವನ ಮುಖದ ನಗು ಹಾಗೇ ನಿಂತಿತು. ಆಡಿಟರ್ ಚೀಲದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಉಗ್ರಾಣದಲ್ಲಿ ಕೂತಂತೆಯೇ, ಬೆರಳಿಟ್ಟು ಎಣಿಸಿದ. ಹದಿನೈದು.

ಹೆಚ್ಚಿನ ಕೋಲಿಗೆ ದಂಡವೆಂದು ಇವನ ಲೆಕ್ಕಕ್ಕೆ ನಾಲ್ಕು ಹೊಡೆತ ಸೇರಿದ ಮೇಲೆ ಗೆದ್ದವನು ಆಡಿಟರ್. ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ದಂಡ ಹಾಳಾಗಲಿ ಕಣಯ್ಯಾ. ಹೆಗಲ ಮೇಲಿರೋ ಚೀಲದಲ್ಲಿ ಎಷ್ಟು ಮಾಲಿದೆ ಅಂತ ಗೊತ್ತಿಲ್ಲದವನ ಕೈಗೆ ಉಗ್ರಾಣ ಹೇಗೆ ಕೊಡ್ಲಿ?"

ದಾರಿಯುದ್ದಕ್ಕೂ ಅವನು ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಮಸೆಯುತ್ತಾ ಬಂದ. ಅವಳು ಬಾಗಿಲಲ್ಲೇ ನಿಂತಿದ್ದಳು.

"ಟವೆಲ್ ಬಿಚ್ಚಿದ್ರಾ?" ಎಂದು ಕೇಳಿದಳು. ಆ ಮುಖ ನೋಡಿದ್ದೇ ಮಸೆದದ್ದೆಲ್ಲ ಮೊಂಡಾಯಿತು.

"ಬಿಚ್ಚಿದೆ. ಒಂದೇ ಏಟಿಗೆ ಚೆಂಡು ಕುಳಿಗೆ ಬಿತ್ತು."

"ನಂಗೊತ್ತಿತ್ತು! ಹಾಗಾದ್ರೆ ನಾಳೆಯಿಂದ ಉಗ್ರಾಣದ ಬೀಗದಕೈ ನಿಮ್ಮದೇ?"

"ನನ್ನ ಹತ್ರಾನೇ ಇರುತ್ತೆ" ಎಂದು ಅವನು ಚೀಲ ಇಳಿಸಿದ. "ಬೆಳಿಗ್ಗೆ ಆಡಿಟರ್ ಸಾಹೇಬರು ಬರೋ ಮುಂಚೆ ಬಾಗಿಲು ತೆಗೀಬೇಕಲ್ಲ."