ಅರವತ್ತೊಂದನೇ ನಂಬರಿಗೆ ನಾಲ್ಕನೆಯ ಕರೆ

ಇಂದ,
ಕರೆಯಂತ್ರದ ಉಸ್ತುವಾರಿ ನೌಕರ,
ಮೆಟ್ಟಿಲ ಕೆಳಗಿನ ಕೋಣೆ, ಸಾರ್ವಜನಿಕ ಆಸ್ಪತ್ರೆ.

ಗೆ,
ಮಾನ್ಯ ಅಧೀಕ್ಷಕರು,
ಇದೇ ಆಸ್ಪತ್ರೆ, ಮೊದಲನೇ ಮಹಡಿ (ಅಂದರೆ ನನ್ನ ನೆತ್ತಿಯ ನೇರಕ್ಕೆ).

ದಿನಾಂಕ: ಶನಿವಾರ, ಬೆಳಿಗ್ಗೆ, ಸ್ನಾನ ಪ್ರಾರ್ಥನೆ ಮುಗಿದ ಮೇಲೆ.

ವಿಷಯ: ಕರೆಯಂತ್ರವು ರೋಗಿಗಳನ್ನು ಕೈಬಿಡದೆ ಹಿಡಿದುಕೊಂಡಿರುವ ದೋಷವನ್ನು ಸರಿಪಡಿಸುವ ಬಗ್ಗೆ, ಮತ್ತು ಸರಿಪಡಿಸುವ ಮುನ್ನ ಒಂದು ನಂಬರನ್ನು ನಿಯಮ ಮೀರಿ ನಾಲ್ಕನೇ ಸಲ ಕರೆಯಲು ಅನುಮತಿ ಕೋರಿ.

ಉಲ್ಲೇಖ:
1. ಸೋಮವಾರ ಮಧ್ಯಾಹ್ನ ಯಂತ್ರವನ್ನು ಆಫ್ ಮಾಡಿ ಗುಜರಿಗೆ ಹಾಕತಕ್ಕದ್ದೆಂಬ ತಮ್ಮ ಜ್ಞಾಪನ.
2. ಕಣ್ಣಿನ ವಿಭಾಗದ ಬೆಂಚಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಕೊಟ್ಟ ದೂರು.
3. ನನ್ನ ಮನೆಯಾಕೆ ಅಡುಗೆಮನೆಯಲ್ಲಿ ಮೌಖಿಕವಾಗಿ ವಿಧಿಸಿದ ಷರತ್ತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೊದಲು ಕಥೆಯನ್ನೂ ಆಮೇಲೆ ಕೋರಿಕೆಯನ್ನೂ ಸಲ್ಲಿಸುತ್ತಿದ್ದೇನೆ. ಕಥೆ ಕೇಳದೆ ಕೋರಿಕೆ ಓದಿದರೆ ನನಗೆ ತಲೆ ಕೆಟ್ಟಿದೆ ಎಂದು ತಾವು ಷರಾ ಬರೆಯುವ ಸಂಭವವಿದೆ.

1. ರೋಗಿಗಳ ನಂಬರು ಕೂಗುವ ನಮ್ಮ ಕರೆಯಂತ್ರದ ಒಳಗೆ ಎರಡು ಮನೆಗಳಿವೆ. ಮೇಲಿನ ಮನೆ ಕಂಪ್ಯೂಟರ್ ವಿಭಾಗದ ಮೇಡಂ ಬರೆದ ಪ್ರೋಗ್ರಾಮು. ಚೀಟಿ ಪಡೆದ ಪ್ರತಿ ರೋಗಿಯ ನಂಬರು, ವಯಸ್ಸು, ಫೋನು, ಹಳೆಯ ಚೀಟಿಗಳ ಚಿತ್ರ ಎಲ್ಲವನ್ನೂ ಅಲ್ಲಿ ಒಂದೊಂದು ಗಂಟು ಕಟ್ಟಿ ಇಡಲಾಗುತ್ತದೆ. ಕೆಲಸ ಮುಗಿದ ಗಂಟುಗಳನ್ನು ಗುಡಿಸಲು ಕಣ್ಣಿಗೆ ಕಾಣದ ಒಬ್ಬನಿದ್ದಾನೆ. ಯಾರೂ ಹಿಡಿದಿಲ್ಲದ್ದನ್ನು ಗುಡಿಸುತ್ತಾನೆ, ಯಾರಾದರೂ ಹಿಡಿದಿದ್ದರೆ ಮುಟ್ಟುವುದಿಲ್ಲ. ಅವನ ಧರ್ಮ ಅಷ್ಟೇ. ಕೆಳಗಿನ ಮನೆ ನನ್ನದು. ಸ್ಪೀಕರಿನೊಡನೆ ನೇರವಾಗಿ ಮಾತಾಡುವ ಹಳೆಯ ಪ್ರೋಗ್ರಾಮು. ಇಲ್ಲಿ ಗುಡಿಸುವವರು ಯಾರೂ ಇಲ್ಲ. ತೆಗೆದುಕೊಂಡವನೇ ಜ್ಞಾಪಕವಾಗಿ ಹಿಂದಿರುಗಿಸಬೇಕು.

2. ಯಂತ್ರದಲ್ಲಿ ಕೇಳುವ ದನಿ ನನ್ನ ಮನೆಯಾಕೆಯದು. ಹನ್ನೆರಡು ವರ್ಷಗಳ ಹಿಂದೆ ಕಂಬಳಿ ತುಂಬಿದ ಉಗ್ರಾಣದಲ್ಲಿ ಕೂತು, ನೀರು ಕುಡಿಯುತ್ತ, ಒಂದರಿಂದ ಒಂಬೈನೂರ ತೊಂಬತ್ತೊಂಬತ್ತರವರೆಗೆ ಅಷ್ಟನ್ನೂ ಹೇಳಿ ಮುದ್ರಿಸಿಕೊಟ್ಟಳು. ಅಂದಿನಿಂದ ಮನೆಯಲ್ಲಿ ಒಂದೇ ದೂರು: "ನಾನ್ ಕರೆದ್ರೆ ಇಲ್ಲಿ ಒಬ್ರೂ ಏಳಲ್ಲ. ಅಲ್ಲಿ ಊರಿಗೂರೇ ಎದ್ದು ನಿಲ್ಲುತ್ತೆ!"

3. ಮೊದಮೊದಲು ನನ್ನ ಮನೆ ಯಾರ ಗಂಟನ್ನೂ ಹಿಡಿಯುತ್ತಿರಲಿಲ್ಲ; ಸುಮ್ಮನೆ ನೋಡಿ ಕರೆಯುತ್ತಿತ್ತು. ಒಂದು ದಿನ, ಕರೆ ಅರ್ಧದಲ್ಲಿರುವಾಗಲೇ ಗುಡಿಸುವವನು ಬಂದು ಗಂಟನ್ನು ಗುಡಿಸಿಕೊಂಡು ಹೋದ. ಆಕೆಯ ದನಿ "ನೂರಾ..." ಎಂದು ನಿಂತುಬಿಟ್ಟಿತು. ನೂರರ ಮೇಲಿನವರೆಲ್ಲ ಒಟ್ಟಿಗೆ ಎದ್ದು ಹಲ್ಲಿನ ಡಾಕ್ಟರ ಕೋಣೆಗೆ ನುಗ್ಗಿದರು. ಡಾಕ್ಟರು ಕಿಟಕಿಯ ಎತ್ತರ ನೋಡಿಕೊಂಡರೆಂದು ಆಯಾ ಹೇಳಿದ್ದಾರೆ.

ಆದ್ದರಿಂದ, ಕರೆಯುವಾಗ ಗಂಟನ್ನು ಗಟ್ಟಿಯಾಗಿ ಹಿಡಿಯಬೇಕೆಂದು ತಿದ್ದಿದೆ. ಇದರಲ್ಲಿ ತಪ್ಪಿಲ್ಲವೆಂದು ಮೇಡಮ್ಮನವರೂ ಒಪ್ಪಿದ್ದಾರೆ. ಉಳಿದ ಪ್ರಶ್ನೆ, ಬಿಡುವುದು ಯಾವಾಗ? ಮನೆಯಾಕೆ ಇನ್ನೂ ಬಾರದ ಮಗಳ ಊಟದ ತಟ್ಟೆಗೆ ಮುಚ್ಚಳ ಮುಚ್ಚುತ್ತಿದ್ದಾಗ ಕೇಳಿದೆ: "ಕರೆದ್ಮೇಲೆ ಒಬ್ರನ್ನ ಎಷ್ಟೊತ್ತು ಹಿಡ್ಕೊಂಡಿರ್ಬೇಕೇ?"

"ಇದೂ ಒಂದು ಕೇಳೋ ಮಾತೇನ್ರೀ? ಬರೋವರೆಗೆ."

ಆದಕಾರಣ, ರೋಗಿ ಕೋಣೆಗೆ ಹೋಗಿ, ಡಾಕ್ಟರು 'ಬಂದರು' ಎಂಬ ಗುಂಡಿ ಒತ್ತಿದ ಮೇಲೆಯೇ ಬಿಡತಕ್ಕದ್ದೆಂದು ಬರೆದೆ. ಬಾರದೇ ಹೋದವರ ಗತಿ ಏನೆಂದು ನಾನೂ ಯೋಚಿಸಲಿಲ್ಲ, ಆಕೆಯೂ ಯೋಚಿಸಲಿಲ್ಲ. ನಮ್ಮ ಮನೆಯಲ್ಲಿ ಅಂಥ ತಟ್ಟೆಯೇ ಇರಲಿಲ್ಲ.

4. ಆಸ್ಪತ್ರೆಯಲ್ಲಿ ಬಾರದವರು ಬಹಳ. ಮೂರು ಸಲ ಕರೆದರೂ ಏಳುವುದಿಲ್ಲ. ಕೆಲವರು ಚಹಾ ಕುಡಿಯಲು ಹೋಗಿರುತ್ತಾರೆ, ಕೆಲವರಿಗೆ ಬೆಂಚಿನ ಮೇಲೆ ಕೂತಲ್ಲೇ ವಾಸಿಯಾಗಿರುತ್ತದೆ. ಅವರು ಹೋದರೂ ಅವರ ಗಂಟು ನನ್ನ ಯಂತ್ರದ ಮುಷ್ಟಿಯಲ್ಲೇ ಉಳಿಯುತ್ತದೆ; ಗುಡಿಸುವವನು ನೋಡಿ, ಯಾರೋ ಹಿಡಿದಿದ್ದಾರೆ ಎಂದು ಮರ್ಯಾದೆಯಿಂದ ಮುಂದೆ ಹೋಗುತ್ತಾನೆ. ಹೀಗೆ ಜಾಗ ತುಂಬಿ ತುಂಬಿ ಯಂತ್ರ ಮರಗಟ್ಟುತ್ತದೆ. ಆಗ ಎಲೆಕ್ಟ್ರಿಷಿಯನ್ ಬಂದು ಆಫ್ ಮಾಡಿ ಆನ್ ಮಾಡುತ್ತಾರೆ. ಎಲ್ಲ ಮರೆತು ಯಂತ್ರ ಮತ್ತೆ ಹಸುಗೂಸಾಗುತ್ತದೆ. ವರ್ಷಗಳಿಂದ ಇದಕ್ಕೆ 'ರಿಪೇರಿ' ಎಂಬ ಹೆಸರಿತ್ತು.

5. ಕಳೆದ ಮಂಗಳವಾರ ಯಂತ್ರ ಎಂಬತ್ತೆಂಟಕ್ಕೆ ನಿಂತಿತು. ಎಂಬತ್ತೊಂಬತ್ತನೆಯವರಾದ ನಿವೃತ್ತ ಶಿಕ್ಷಕಿ ಮೂರು ಗಂಟೆ ಕಾಲ ಬೆನ್ನು ನೆಟ್ಟಗೆ ಮಾಡಿ ಕೂತಿದ್ದು, ಕೊನೆಗೆ ನನ್ನ ಬಾಗಿಲಿಗೆ ಬಂದು, "ಏನಪ್ಪಾ, ನಿನ್ನ ಯಂತ್ರಕ್ಕೆ ಎಂಬತ್ತೆಂಟರ ಆಚೆ ಮಗ್ಗಿ ಬರಲ್ವೋ?" ಎಂದು ಕೇಳಿದರು. ನಾನು ಕೈ ಕಟ್ಟಿ ನಿಂತೆ. ತಮ್ಮ ಜ್ಞಾಪನ ಹೊರಟದ್ದು ಅದೇ ಸಂಜೆ.

6. ಈ ಸಲ ಎಲೆಕ್ಟ್ರಿಷಿಯನ್ನರ ಕೈ ಹಿಡಿದು, "ಆಫ್ ಮಾಡ್ಬೇಡ ಮಾರಾಯಾ, ಹೊಟ್ಟೇಲಿ ಏನಿದೆ ನೋಡೋಣ" ಎಂದೆ. ಮೇಡಮ್ಮನವರು ಒಳಗಿದ್ದ ಗಂಟುಗಳ ಪಟ್ಟಿ ತೆಗೆದು, ದಾರಿ ಮಾಡಲು ಹಳೆಯ ಚಿತ್ರಗಳನ್ನಷ್ಟೇ ಖಾಲಿ ಮಾಡಿದರು. ಅಂದಿನಿಂದ ಯಂತ್ರ ಏದುತ್ತ ನಡೆದಿದೆ. ಪಟ್ಟಿಯಲ್ಲಿದ್ದವರು, ಹಿಂದಿನ ಸಲ ಆಫ್ ಮಾಡಿದ ಮೇಲಿನ ಮೂವತ್ತೇಳು ದಿನಗಳಲ್ಲಿ ಕರೆದರೂ ಬಾರದ ಸಾವಿರದ ನಾನೂರ ಹನ್ನೆರಡು ಜನ.

"ಸರ್, ಇಷ್ಟು ಜನಾನ ಇಟ್ಕೊಂಡು ಏನ್ ಮಾಡ್ತೀರಿ?" ಎಂದರು ಮೇಡಂ. "ಕರೆಯೋವಾಗ ಹಿಡ್ಕೊಳ್ಳಿ, ಕರೆದಾದ್ಮೇಲೆ ಬಿಡಿ. ಹಿಡಿಯೋ ಸಾಲು ಎಲ್ಲಿದ್ಯೋ ಬಿಡೋ ಸಾಲೂ ಅಲ್ಲೇ ಇರ್ಬೇಕು. ಆಮೇಲೂ ಜ್ಞಾಪಕ ಬೇಕು ಅಂದ್ರೆ ನಂಬರ್ ಬರೆದಿಟ್ಕೊಳ್ಳಿ, ಮನುಷ್ಯನ್ನೇ ಇಟ್ಕೋಬೇಡಿ."

ಇಷ್ಟು ವರ್ಷ ಭಜನೆ ಕೇಳಿಯೂ ನನಗೆ ಹೊಳೆಯದಿದ್ದದ್ದನ್ನು ಆಕೆ ನಿಂತ ನಿಲುವಿನಲ್ಲಿ ಹೇಳಿದರು. ಕರೆಯುವುದಷ್ಟೇ ನಮ್ಮ ಪಾಲಿನ ಸೇವೆ. ಎದ್ದು ಬರುವಂತೆ ಮಾಡುವವನು ಬೇರೆ ಇದ್ದಾನೆ.

7. ಆ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ, ಎಲ್ಲರಿಗೂ ಒಳ್ಳೆಯದಾಗಲೆಂದು ಬೇಡಿಕೊಂಡು ಬಿಡೋಣವೆಂದು ಕೂತೆ. ಇಪ್ಪತ್ತಾರು ದಿನಗಳ ಹಿಂದಿನ ಒಂದು ಸಾಲು: ಗಂಟಲು ವಿಭಾಗ, ನಂಬರು ಅರವತ್ತೊಂದು, ಹೆಂಗಸು, ವಯಸ್ಸು ಐವತ್ತೆಂಟು. ಮುಂದಿನ ಫೋನ್ ನಂಬರು ನನ್ನ ಮನೆಯದು.

ತಮಗೆ ತಿಳಿದಿರಲಿಕ್ಕಿಲ್ಲ, ಮೂರು ತಿಂಗಳಿಂದ ಮನೆಯಾಕೆಯ ದನಿ ಕಟ್ಟಿದೆ. ಈಗ ಪಿಸುಮಾತು ಮಾತ್ರ. ನಾನು ಪೀಡಿಸಿದ್ದಕ್ಕೆ ಒಬ್ಬಳೇ ಆಸ್ಪತ್ರೆಗೆ ಬಂದು, ಮನೆಗೆ ಮರಳಿ, "ಏನೂ ಇಲ್ವಂತೆ, ಬಿಸಿನೀರು ಕುಡೀರಿ ಅಂದ್ರು" ಎಂದಿದ್ದಳು. ನಾನು ದಿನವೂ ಬಿಸಿನೀರು ಕಾಯಿಸಿ ಕೊಡುತ್ತಿದ್ದೆ.

8. "ಅರವತ್ತೊಂದು ಯಾರದ್ದೇ?" ಎಂದು ಕೇಳಿದೆ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಆ ಯಂತ್ರದವ್ಳು ಮೂರು ಸಲ ಕರೆದ್ಲು ಕಣ್ರೀ. ಎಷ್ಟು ಚೆನ್ನಾಗಿ ಕರೆದ್ಲು! ಆ ಗಂಟಲು ಕೇಳ್ತಾ ಕೂತು, ಈ ಗಂಟಲು ತೋರ್ಸಕ್ಕೆ ಹೇಗೆ ಎದ್ದು ಹೋಗ್ಲಿ? ಒಳಗೆ ಹೋದ್ರೆ ಏನಂತಾರೋ ಅಂತ ಕಾಲೇ ಬರ್ಲಿಲ್ಲ. ಮೂರ್ನೇ ಸಲಕ್ಕೆ ಚೀಲ ಎತ್ಕೊಂಡು ಬಂದ್ಬಿಟ್ಟೆ."

"ಹಾಗಾದ್ರೆ ಇವತ್ತೇ ಹೊಸ ಚೀಟಿ ತಗೊಳೋಣ."

"ಬೇಡ. ಇನ್ನೊಂದ್ಸಲ ಕರೆದಿದ್ರೆ ಎದ್ದೇ ಬಿಡ್ತಿದ್ನೇನೋ. ಅದೇ ನಂಬರು, ಅವ್ಳೇ ಕರೀಲಿ, ಬರ್ತೀನಿ. ನಿಮ್ಮದೇ ಯಂತ್ರ ಅಲ್ವಾ, ಅಷ್ಟೂ ಆಗಲ್ವಾ?"

ಆಗುವುದಿಲ್ಲ. ನಾಲ್ಕನೇ ಸಲ ಕರೆಯಕೂಡದೆಂದು ಆಸ್ಪತ್ರೆಯ ನಿಯಮವಿದೆ. ಅದನ್ನು ಯಂತ್ರದೊಳಗೆ ಬರೆದವನೂ ನಾನೇ.

9. ಯಂತ್ರವನ್ನು ಆಫ್ ಮಾಡಿದರೆ ಅರವತ್ತೊಂದೂ ಅಳಿಯುತ್ತದೆ. ನಾನು ನನ್ನ ತಪ್ಪು ತಿದ್ದಿದರೂ ಮೊದಲ ಕೆಲಸವಾಗಿ ಅದೇ ಅಳಿಯುತ್ತದೆ. ಹಾಗಾಗಿ ಕೆಲಸಗಳ ಕ್ರಮವೇ ಈ ಅರ್ಜಿಯ ಜೀವಾಳ.

ಆದ್ದರಿಂದ ತಾವು ದಯಮಾಡಿ,

ಅ) ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅರವತ್ತೊಂದನ್ನು ಗಂಟಲು ವಿಭಾಗಕ್ಕೆ ನಾಲ್ಕನೇ ಸಲ, ಒಂದೇ ಸಲ, ಕರೆಯಲು ಅಪ್ಪಣೆ ಕೊಡಬೇಕು;

ಆ) ಆನಂತರ ಅರವತ್ತೊಂದು ಸೇರಿದಂತೆ ಎಲ್ಲರನ್ನೂ ಬಿಟ್ಟು, ಇನ್ನು ಮುಂದೆ ಕೊನೆಯ ಕರೆ ಮುಗಿದೊಡನೆ, ರೋಗಿ ಬರಲಿ ಬಾರದಿರಲಿ, ಕೈಬಿಡುವಂತೆ ತಿದ್ದಲು ಬಿಡಬೇಕು.

ಅದಾದ ಮೇಲೂ ಗುಜರಿಗೇ ಹಾಕುವುದಾದರೆ ನನ್ನ ಆಕ್ಷೇಪಣೆ ಇಲ್ಲ. ಹೊಸ ದನಿಗೂ ಜನ ಎದ್ದು ಬರಲಿ.

ತಮ್ಮ ಕೆಳಗಿನ ಕೋಣೆಯಿಂದ,
ತಮ್ಮ ವಿಶ್ವಾಸಿ,
(ಸಹಿ)
ಕರೆಯಂತ್ರದ ಉಸ್ತುವಾರಿ ನೌಕರ

ಅಡಕಗಳು:
1. ಬಾರದವರ ಪಟ್ಟಿ, ಮೂವತ್ತು ಹಾಳೆ.
2. ಬಿಡುವ ಸಾಲು, ಒಂದು. (ಮೇಡಂ ನೋಡಿ ಸರಿಯೆಂದಿದ್ದಾರೆ.)
3. ಅರವತ್ತೊಂದನೇ ನಂಬರಿನ ಮೂಲ ಚೀಟಿ, ನಾಲ್ಕು ಮಡಿಕೆ. ಆಕೆಯ ಚೀಲದ ಒಳಜೇಬಿನಲ್ಲಿ ಸಿಕ್ಕಿದ್ದು. ನೋಡಿ ಹಿಂದಿರುಗಿಸಬೇಕು, ಆಕೆಗೆ ಗೊತ್ತಾಗಬಾರದು.

ವಿ.ಸೂ.: ಕರೆಯ ವೇಳೆ ಆಕೆ ಮೂರನೇ ಬೆಂಚಿನಲ್ಲಿ ಕೂತಿರುತ್ತಾಳೆ. ಪಕ್ಕದಲ್ಲಿ ನಾನಿರುತ್ತೇನೆ, ಆದಕಾರಣ ಹತ್ತರಿಂದ ನನಗೆ ರಜೆ ಮಂಜೂರು ಮಾಡಬೇಕು. ಆಕೆಯ ಚೀಲ ನನ್ನ ತೊಡೆಯ ಮೇಲಿರುತ್ತದೆ, ಎರಡೂ ಕೈಯಲ್ಲಿ ಹಿಡಿದಿರುತ್ತೇನೆ. ಡಾಕ್ಟರು 'ಬಂದರು' ಗುಂಡಿ ಒತ್ತಿದ ಮೇಲೆಯೇ ಅದನ್ನು ಬಿಡಲಾಗುವುದು.